ಬೂಟು ಹರಿಯದ ಸಾಹೇಬ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಹೇಳುವಾಗ ಮಾತು ಹಿಂದೆ ಮುಂದೆ ಆಗುತ್ತದೆ, ನೀವೇ ಹೊಂದಿಸಿಕೊಳ್ಳಬೇಕು. ಸುಳ್ಳು ಮಾತ್ರ ಒಂದೂ ಇರುವುದಿಲ್ಲ. ನಮ್ಮೂರಲ್ಲಿ ಸುಳ್ಳು ಹೇಳಿದವರ ಚಪ್ಪಲಿ ಹರಿಯುತ್ತದೆ. ಎಡಗಾಲಿನದೋ ಬಲಗಾಲಿನದೋ, ಹೊಸದೋ ಹಳೆಯದೋ ಎಂಬ ಭೇದವಿಲ್ಲ. ಸುಳ್ಳು ಬಾಯಿಂದ ಹೊರಬಿದ್ದದ್ದೇ ತಡ, ಬಾರು ಚಟ್ಟೆಂದು ಹರಿದು ಚಪ್ಪಲಿ ಕಾಲಿಂದ ಜಾರುತ್ತದೆ. ಬೂಟಾದರೆ ಅಟ್ಟೆ ಬಾಯಿ ಬಿಡುತ್ತದೆ.

ಅದಕ್ಕೆ ತಕ್ಕ ಹಾಗೆ ನಾವೂ ಬದುಕುತ್ತೇವೆ. ಹೆಣ್ಣು ನೋಡಲು ಬಂದ ಬೀಗರಿಗೆ ಚಪ್ಪಲಿ ಹೊರಗೆ ಬಿಡಿ ಅನ್ನುವುದಿಲ್ಲ, ಹಾಕಿಕೊಂಡೇ ಒಳಗೆ ಬನ್ನಿ ಅನ್ನುತ್ತೇವೆ, ಅವರು ಹೋದ ಮೇಲೆ ನೆಲ ಒರೆಸಿಕೊಳ್ಳುತ್ತೇವೆ. ಸಂತೆಯಲ್ಲಿ ಬರಿಗಾಲಲ್ಲಿ ಕೂತವನ ಹತ್ತಿರ ಬದನೆಕಾಯಿ ಕೂಡ ಯಾರೂ ಕೊಳ್ಳುವುದಿಲ್ಲ. ಗಂಡ ಹೊತ್ತು ಮೀರಿ ಮನೆಗೆ ಬಂದರೆ ಹೆಂಡತಿ ಅವನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಸುಳ್ಳು ಹೇಳಲೇಬೇಕು ಎಂದು ಯಾರಿಗಾದರೂ ನಾಲಿಗೆ ತುರಿಸಿದರೆ ಗುಡಿಗೆ ಹೋಗಬೇಕು, ಅಲ್ಲಿ ಎಲ್ಲರೂ ಚಪ್ಪಲಿ ಬಿಟ್ಟಿರುತ್ತಾರೆ. ನಮ್ಮೂರಿನ ಜನಕ್ಕೆ ಭಕ್ತಿ ಬಹಳ ಎಂದು ಹೊರಗಿನವರು ಹೊಗಳುವುದು ಇದೇ ಕಾರಣಕ್ಕೆ.

ಬಾರು ಗಟ್ಟಿ ಇದ್ದರೆ ಮಾತು ಗಟ್ಟಿ, ಇದು ನಮ್ಮೂರಿನ ಗಾದೆ. ಹಾಲುಗಲ್ಲದ ಮಕ್ಕಳಿಗೂ ಬಾಯಿಪಾಠ. ನಮ್ಮನ್ನು ಹಾಳು ಮಾಡಿದ್ದೂ ಅದೇ.

ನಾನು ಫಕೀರವ್ವ. ಬೀರು ಮಾಡುವವಳು. ನಮ್ಮತ್ತೆ ಮಾಡುತ್ತಿದ್ದಳು, ಅವಳು ಕೈಸೋತ ಮೇಲೆ ನಾನು ಹಿಡಿದೆ. ಇದರಲ್ಲಿ ಅಂಥ ದೊಡ್ಡ ವಿದ್ಯೆ ಏನೂ ಇಲ್ಲ. ಜವೆಗೋದಿ ಮೊಳಕೆ ಕಟ್ಟಬೇಕು, ಒಣಗಿಸಬೇಕು, ಹುರಿಯಬೇಕು, ಕೊಪ್ಪರಿಗೆಯಲ್ಲಿ ಕುದಿಸಬೇಕು, ಕಹಿಗೆ ಒಂದಿಷ್ಟು ಒಣ ಹೂವು ಹಾಕಬೇಕು, ಆಮೇಲೆ ಪೀಪಾಯಿಗೆ ತುಂಬಿ ಕತ್ತಲೆಕೋಣೆಯಲ್ಲಿ ಹುದುಗಲು ಬಿಡಬೇಕು. ಅವಸರ ಮಾಡಬಾರದು, ಅಷ್ಟೆ. ನಮ್ಮ ಮನೆಯ ಪಡಸಾಲೆಯೇ ಅಂಗಡಿ. ಸ್ಟೀಲ್ ಲೋಟ, ಕಡಲೆಕಾಳು, ಎರಡು ಬೆಂಚು. ಲೋಟಕ್ಕೆ ಐದು ರೂಪಾಯಿ.

ಕುಡಿಯಲು ಬರುತ್ತಿದ್ದವರೆಲ್ಲ ಸುಣ್ಣದ ಗೂಡಿನ ಆಳುಗಳು. ಗೂಡು ಊರಿನ ಪೂರ್ವಕ್ಕಿದೆ. ಅಲ್ಲಿ ಹಗಲೆಲ್ಲ ಸುಣ್ಣದ ಕಲ್ಲು ಸುಡುತ್ತಾರೆ, ಜರಡಿ ಹಿಡಿಯುತ್ತಾರೆ, ಚೀಲಕ್ಕೆ ತುಂಬುತ್ತಾರೆ. ಆ ಧೂಳು ಗಂಟಲಿಗೆ ಹಿಡಿದರೆ ನೀರು ಕುಡಿದು ಬಿಡಿಸಲಾಗುವುದಿಲ್ಲ, ನೀರು ಬಿದ್ದಷ್ಟೂ ಇನ್ನಷ್ಟು ಉರಿಯುತ್ತದೆ. ನಮ್ಮ ಬೀರು ಒಂದು ಲೋಟ ಒಳಗೆ ಹೋದರೆ ಉರಿ ಇಳಿಯುತ್ತಿತ್ತು. ಯಾಕೆ ಎಂದು ನನಗೆ ಗೊತ್ತಿಲ್ಲ. ಸುಣ್ಣ ಸುಡುವವರ ಗಂಟಲು ಆರಬಾರದು ಎಂದು ನಮ್ಮತ್ತೆ ಹೇಳುತ್ತಿದ್ದಳು, ನಾನೂ ಅದನ್ನೇ ನಂಬಿಕೊಂಡು ಬಂದೆ. ಗೂಡಿನ ಮೇಸ್ತ್ರಿ ಮೌಲಾಸಾಬ ದಿನಾ ಸಂಜೆ ಮೊದಲ ಗಿರಾಕಿ. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ ಮಾಡಿಕೊಂಡು ಬಂದು ಬೆಂಚಿನ ತುದಿಗೆ ಕೂತು ಒಂದೇ ಉಸಿರಿಗೆ ಅರ್ಧ ಲೋಟ ಇಳಿಸಿ, ಆಮೇಲೆ ಬಾಯಿ ತೆರೆದು, ಈಗ ಮಾತಾಡಬಹುದು ನೋಡು ಅಕ್ಕಾ ಅನ್ನುತ್ತಿದ್ದ. ನನಗೆ ಅದಕ್ಕಿಂತ ಹೆಚ್ಚಿನ ಬಿರುದು ಬೇಕಿರಲಿಲ್ಲ.

ಇಂಥಾದ್ದರಲ್ಲಿ ಸಾರಂಗಧರ ಸಾಹೇಬ ಬಂದ. ಹಡಗು ಬರುವ ಯಾವುದೋ ದೊಡ್ಡ ಊರಿನವನು. ಕಂದು ಬಣ್ಣದ ಬೂಟು, ಮುಖ ನೋಡಿಕೊಳ್ಳುವಷ್ಟು ಹೊಳಪು. ಬೆಂಚಿನ ಮೇಲೆ ಕೂತು ಒಂದು ಲೋಟ ಬೀರು ಕುಡಿದ, ಇಂಥ ಬೀರು ನಾನು ಈವರೆಗೆ ಎಲ್ಲೂ ಕುಡಿದಿಲ್ಲ ಅಂದ. ನಾನು ಅವನ ಬೂಟು ನೋಡಿದೆ. ಅಟ್ಟೆ ಅಲುಗಲಿಲ್ಲ. ನನ್ನ ಎದೆ ಉಬ್ಬಿತು. ಈಗ ಯೋಚನೆ ಮಾಡಿದರೆ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ನಮ್ಮೂರಿಗೆ ಮೊದಲ ಸಲ ಬಂದವನು ನಮ್ಮೂರಿನ ಬೀರು ಬೇರೆ ಎಲ್ಲಿ ಕುಡಿದಿರುತ್ತಾನೆ?

ನಿಮ್ಮ ಕೊಪ್ಪರಿಗೆಯ ಬೀರನ್ನೆಲ್ಲ ನಾನೇ ಕೊಳ್ಳುತ್ತೇನೆ, ಮಾರುವ ಕೆಲಸ ನನಗೆ ಬಿಡಿ, ಮಾಡುವ ಕೆಲಸ ನಿಮ್ಮದೇ ಇರಲಿ ಅಂದ. ಆ ಕೊಪ್ಪರಿಗೆಯ ತಳ ತೆಳುವಾಗಿ ಸೋರಲು ಶುರುವಾಗಿತ್ತು, ಹೊಸ ತಳ ಹಾಕಿಸಿಕೊಡುತ್ತೇನೆ ಅಂದ. ನನ್ನ ಗಂಡ ಗೂಳಪ್ಪ ಆಗಲೇ ಹೂಂ ಅನ್ನಲು ತುದಿಗಾಲಲ್ಲಿ ನಿಂತಿದ್ದ. ನಾನು ಬಿಡಲಿಲ್ಲ, ಕೇಳಬೇಕಾದ್ದೆಲ್ಲ ಕೇಳಿದೆ. ನೀರು ಬೆರೆಸುತ್ತೀಯೇನು ಎಂದು ಕೇಳಿದೆ. ಒಂದು ಹನಿಯೂ ಇಲ್ಲ ಅಂದ. ಮಾಡುವ ರೀತಿ ಬದಲಾಯಿಸು ಅನ್ನುತ್ತೀಯೇನು ಎಂದು ಕೇಳಿದೆ. ಎಂದಿಗೂ ಇಲ್ಲ ಅಂದ. ಕೊನೆಗೆ ಮುಖ್ಯ ಮಾತಿಗೆ ಬಂದೆ.

“ಗೂಡಿನ ಮಂದಿಗೆ ಬೀರು ಇಲ್ಲ ಅಂತೀಯೇನು?”

“ಬಂದು ಕೇಳಿದ ಯಾರಿಗೂ ಇಲ್ಲ ಅನ್ನುವುದಿಲ್ಲ, ಫಕೀರವ್ವ. ಅವರಿಗಾಗಿ ಈ ಊರಲ್ಲೇ ಅಂಗಡಿ ತೆರೆಯುತ್ತೇನೆ.”

ಮಾತು ಮುಗಿಯುವವರೆಗೂ ನಾನು ಅವನ ಬೂಟಿನಿಂದ ಕಣ್ಣು ತೆಗೆಯಲಿಲ್ಲ. ಒಂದು ಹೊಲಿಗೆ ಬಿಚ್ಚಲಿಲ್ಲ. ನಾನು ಹೂಂ ಅಂದೆ. ಎಷ್ಟಕ್ಕೆ ಮಾರುತ್ತೀ ಎಂದು ಕೇಳಲಿಲ್ಲ. ಬೇರೆ ಯಾವ ಊರಿನ ಹೆಂಗಸಾದರೂ ಮೊದಲು ಅದನ್ನೇ ಕೇಳುತ್ತಿದ್ದಳು. ಅವರಿಗೆ ಬೂಟು ನೋಡುವ ಚಟವಿಲ್ಲವಲ್ಲ, ಮುಖ ನೋಡುತ್ತಾರೆ, ಅನುಮಾನ ಪಡುತ್ತಾರೆ, ನೂರು ಕಡೆಯಿಂದ ಚುಚ್ಚಿ ಕೇಳುತ್ತಾರೆ. ನಮಗೆ ಹೇಳಿದ ಮಾತು ಸುಳ್ಳೋ ನಿಜವೋ ತಿಳಿಯುತ್ತದೆ. ಹೇಳದೆ ಬಿಟ್ಟ ಮಾತಿಗೆ ಚಪ್ಪಲಿ ಹರಿಯುವುದಿಲ್ಲ.

ಮೊದಲು ಅವನು ಪೇಟೆಯ ಮೂಲೆಯಲ್ಲಿ ಒಂದು ಗೂಡಂಗಡಿ ಹಾಕಿ, ಅದೇ ಬೀರನ್ನು ಅದೇ ಲೋಟದಲ್ಲಿ ಹತ್ತು ರೂಪಾಯಿಗೆ ಇಟ್ಟ. ಯಾರೂ ತಿರುಗಿ ನೋಡಲಿಲ್ಲ. ಫಕೀರಕ್ಕನ ಬೀರಿಗೆ ಹತ್ತು ರೂಪಾಯಿ ಕೊಡಲಿಕ್ಕೆ ನಮಗೇನು ಹುಚ್ಚೇ ಎಂದು ಗೂಡಿನವರು ನಕ್ಕರು. ನಾನೂ ನಕ್ಕೆ. ಈ ಸಾಹೇಬ ಗಂಟು ಮೂಟೆ ಕಟ್ಟುತ್ತಾನೆ, ನನ್ನ ಕೊಪ್ಪರಿಗೆಗೆ ಹೊಸ ತಳ ಉಳಿಯುತ್ತದೆ ಎಂದುಕೊಂಡೆ. ಅವನು ಗೂಡಂಗಡಿ ಕಿತ್ತು ಹಾಕಿ ಸುಮ್ಮನಾದ. ಎಷ್ಟೋ ವಾರ ಊರಲ್ಲಿ ಯಾರಿಗೂ ಒಂದು ಹನಿ ಬೀರು ಸಿಗಲಿಲ್ಲ. ಅಂಗಡಿಯೇ ಇಲ್ಲದ ಮೇಲೆ ಬಂದು ಕೇಳುವುದಾದರೂ ಎಲ್ಲಿ? ನಾನು ಮಾಡಿದ್ದೆಲ್ಲ ಪೀಪಾಯಿ ಪೀಪಾಯಿಯಾಗಿ ಅವನ ಕೋಣೆ ಸೇರುತ್ತಿತ್ತು. ಬಾಯಿ ಆರಿಸಿದ, ಅಷ್ಟೆ. ಎತ್ತಿಗೆ ನೀರು ತೋರಿಸದೆ ಕಟ್ಟಿಹಾಕಿದ ಹಾಗೆ.

ಆಮೇಲೆ ಗಾಜಿನ ಬಾಗಿಲಿನ ಅಂಗಡಿ ಎದ್ದಿತು. ಕಪ್ಪು ಬಾಟಲಿ, ಕುತ್ತಿಗೆಗೆ ಬಂಗಾರದ ಬಣ್ಣದ ಕಾಗದ, ಅದರ ಮೇಲೆ ‘ನಿಧಾನ’ ಎಂಬ ಒಂದೇ ಪದ. ಅದರ ಕೆಳಗೆ ಸಣ್ಣಗೆ, ‘ಎಲ್ಲರಿಗೂ ಅಲ್ಲ’. ಬಾಟಲಿಯಲ್ಲಿ ಹಿಡಿಯುವುದು ನನ್ನ ಒಂದು ಲೋಟದಷ್ಟು. ಬೆಲೆ ನಲವತ್ತು ರೂಪಾಯಿ.

ಉದ್ಘಾಟನೆಯ ದಿನ ಅವನು ಅಂಗಡಿಯ ಮುಂದೆ ಒಂದು ಮೇಜಿನ ಮೇಲೆ ಹತ್ತಿ ನಿಂತ, ಎಲ್ಲರಿಗೂ ಬೂಟು ಕಾಣಲಿ ಎಂದು. ನಮ್ಮೂರಿನ ಮರ್ಮ ಅಷ್ಟು ಬೇಗ ಹಿಡಿದಿದ್ದ, ಮನೆಹಾಳ. ಈ ಬೀರು ಬೆಳಕು ಕಾಣದ ಕೋಣೆಯಲ್ಲಿ ಮಾಗುತ್ತದೆ ಅಂದ. ನಿಜವೇ, ನನ್ನ ಕೋಣೆಯ ಬಲ್ಬು ಸುಟ್ಟುಹೋಗಿ ಯಾವ ಕಾಲವಾಯಿತೋ. ಇದಕ್ಕೆ ಒಬ್ಬಳೇ ಹೆಣ್ಣುಮಗಳ ಕೈ ತಾಗುತ್ತದೆ, ಇನ್ನೊಂದು ಕೈ ತಾಗುವುದಿಲ್ಲ ಅಂದ. ನಿಜವೇ, ಆಳು ಇಟ್ಟುಕೊಳ್ಳುವಷ್ಟು ನನಗೆ ಯಾವತ್ತು ಉಳಿದಿತ್ತು, ಸೊಂಟ ಮುರಿದುಕೊಂಡು ಒಬ್ಬಳೇ ಮಾಡುತ್ತಿದ್ದೆ. ಇದರ ನೀರು ಸುಣ್ಣಕಲ್ಲಿನ ಪದರಗಳ ನಡುವಿನಿಂದ ಇಳಿದು ಬಂದದ್ದು ಅಂದ. ಅಯ್ಯೋ, ಅದು ನಮ್ಮ ಓಣಿಯ ಬಾವಿ. ಆ ನೀರು ಕಾಸಿದರೆ ಪಾತ್ರೆಗೆ ಬಿಳಿ ಹಕ್ಕಳೆ ಕಟ್ಟುತ್ತದೆ ಎಂದು ಓಣಿಯ ಹೆಂಗಸರೆಲ್ಲ ದಿನಾ ಶಾಪ ಹಾಕುವ ಬಾವಿ. ನನ್ನ ಬಡತನದ ಒಂದೊಂದು ಹರಕನ್ನೂ ಎತ್ತಿ ಎತ್ತಿ ಜನಕ್ಕೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ. ಈ ಊರಲ್ಲಿ ಇದಕ್ಕಿಂತ ದುಬಾರಿ ಬೀರು ಇಲ್ಲ ಎಂದು ಕೊನೆಗೆ ಹೇಳಿದ. ಜನ ಬೂಟು ನೋಡಿದರು. ಗಟ್ಟಿಯಾಗಿತ್ತು. ನಿಜವಂತೆ, ನಿಜವಂತೆ ಎಂದು ಒಬ್ಬರಿಗೊಬ್ಬರು ತಲೆಯಾಡಿಸಿದರು. ಕೈ ಕೆಸರಾದದ್ದು ನನ್ನದು, ಮೊಸರು ಅವನ ಬಾಯಿಗೆ.

ಗೂಡಿನ ಮಾಲೀಕರಿಗೂ ವಕೀಲರಿಗೂ ಮೊದಲ ವಾರವೆಲ್ಲ ಬಿಟ್ಟಿ ಕೊಟ್ಟು ಗಾಜಿನ ಪಕ್ಕದ ಮೇಜಿಗೆ ಕೂರಿಸಿದ. ಅವರು ಎತ್ತರದ ಗಾಜಿನ ಗ್ಲಾಸಿನಲ್ಲಿ ಗುಟುಕು ಗುಟುಕಾಗಿ ಕುಡಿಯುವುದನ್ನು ಊರು ಹೊರಗೆ ನಿಂತು ನೋಡಿತು. ಆಮೇಲೆ, ಮಾಲೀಕರು ಕುಡಿಯುವುದು ಇದನ್ನೇ ಅಂದ. ಅದೂ ನಿಜ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಬಾಗಿಲು ತೆರೆದು, ಇವತ್ತಿಗೆ ಕೊಡುವುದು ಇಷ್ಟೇ ಎಂದು ಮುಚ್ಚುತ್ತಿದ್ದ. ಹಿಂದಿನ ಕೋಣೆಯಲ್ಲಿ ಪೀಪಾಯಿ ತುಂಬಿ ತುಳುಕುತ್ತಿದ್ದದ್ದು ನನಗೆ ಗೊತ್ತು, ತುಂಬಿದವಳು ನಾನೇ. ಆದರೆ ಮುಗಿದಿದೆ ಎಂದು ಅವನು ಒಂದು ಸಲವೂ ಹೇಳಲಿಲ್ಲ ನೋಡಿ, ಕೊಡುವುದು ಇಷ್ಟೇ ಅಂದ. ಎರಡನೆಯ ವಾರಕ್ಕೆ ಬಾಗಿಲ ಮುಂದೆ ಸಾಲು ನಿಂತಿತು. ಹತ್ತಕ್ಕೆ ಬೇಡವಾದದ್ದು ನಲವತ್ತಕ್ಕೆ ಬೇಕಾಯಿತು.

ಮೌಲಾಸಾಬ ಮೊದಲ ಸಲ ಅಲ್ಲಿಗೆ ಹೋದಾಗ ಯಾರೂ ಅವನಿಗೆ ಇಲ್ಲ ಅನ್ನಲಿಲ್ಲ. ಬನ್ನಿ ಅಂದರು, ಬೆಲೆ ಹೇಳಿದರು. ಅವನು ನಕ್ಕು ತಿರುಗಿ ಬಂದ. ನೇರ ನಮ್ಮ ಪಡಸಾಲೆಗೆ ಬಂದು ಖಾಲಿ ಬೆಂಚಿನ ಮೇಲೆ ಕೂತ. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ನೀರು ಕೊಟ್ಟೆ. ಕುಡಿದು ಕೆಮ್ಮಿದ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಗೂಳಪ್ಪನ ಜೊತೆ ಜಗಳವಾಯಿತು. ಸಾಹೇಬ ಅವನಿಗೂ ಒಂದು ಜೊತೆ ಬೂಟು ಕೊಡಿಸಿ, ಬಿಳಿ ಅಂಗಿ ತೊಡಿಸಿ, ಗಾಜಿನಂಗಡಿಯಲ್ಲಿ ಗ್ಲಾಸಿಗೆ ಸುರಿಯುವ ಕೆಲಸ ಕೊಟ್ಟಿದ್ದ. ಬೀರು ಮಾಡುವ ಮನೆಯ ಗಂಡಸು ಸ್ವತಃ ಸುರಿಯುತ್ತಾನೆ, ಇದೂ ನಿಜ. ನಾನು ಇದ್ದಬದ್ದದ್ದೆಲ್ಲ ಅಂದೆ. ಊರಿನ ಮಂದಿ ಗಂಟಲು ಒಣಗಿಸಿ ನೀವು ಬೂಟು ಹಾಕಿಕೊಂಡಿರಿ ಅಂದೆ. ಅವನು ಬೂಟು ಒರೆಸುತ್ತಲೇ ಕೂತಿದ್ದ.

“ಅವ ಮಾಡಿದ್ರಾಗ ಒಂದ ಸುಳ್ಳು ತೋರ್ಸು ಫಕೀರಿ. ಒಂದ. ಆಮ್ಯಾಲೆ ಬೈ ನನ್ನ.”

ತೋರಿಸಲು ನನ್ನ ಹತ್ತಿರ ಏನಿತ್ತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿ ಅವನು ಎದ್ದುಹೋದ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಾತು ಕೊಟ್ಟದ್ದು ಕೊಪ್ಪರಿಗೆಯ ಬೀರಿಗೆ ಮಾತ್ರ, ಬೇರೆ ಪಾತ್ರೆಯದಕ್ಕಲ್ಲ. ಮನೆಯಲ್ಲಿ ಮದುವೆಗೆ ಅನ್ನ ಮಾಡುವ ದೊಡ್ಡ ತಪ್ಪಲೆ ಇತ್ತು. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಅದನ್ನು ಏರಿಸಿದೆ. ಅದೇ ಜವೆಗೋದಿ, ಅದೇ ಬಾವಿ, ಅದೇ ಹೂವು, ಅದೇ ಕೈ. ಸಾಹೇಬ ಬಂದು ಗದ್ದಲ ಮಾಡುತ್ತಾನೆ, ಮಾಡಲಿ, ಓಣಿಯ ಮುಂದೆಯೇ ನೀರಿಳಿಸುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಕಾದೆ. ಬೀರು ಹುದುಗಿ ಹದಕ್ಕೆ ಬಂದ ದಿನ ಅವನು ಬಂದ. ತಪ್ಪಲೆ ನೋಡಿದ, ಒಂದು ಗುಟುಕು ಕುಡಿದೂ ನೋಡಿದ, ಬಹಳ ಚೆನ್ನಾಗಿದೆ, ಮಾರಿ ಫಕೀರವ್ವ, ನನ್ನದೇನೂ ಅಡ್ಡಿಯಿಲ್ಲ ಎಂದು ನಗುತ್ತ ಹೋದ. ಬೂಟು ಹರಿಯಲಿಲ್ಲ. ಅವನಿಗೆ ನಿಜವಾಗಿಯೂ ಅಡ್ಡಿಯಿರಲಿಲ್ಲ. ಯಾಕೆ ಎಂದು ನನಗೆ ಆಮೇಲೆ ತಿಳಿಯಿತು.

ಲೋಟಕ್ಕೆ ಐದು ರೂಪಾಯಿ ಎಂದು ಕೂಗಿದೆ. ಮೊದಲ ದಿನ ಗೂಡಿನವರು ಐದಾರು ಜನ ಬಂದರು. ಕುಡಿದರು, ಗಂಟಲು ಸವರಿಕೊಂಡರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ನಿಧಾನದ ಹಾಗೇ ಇದೆಯೇನು ಎಂದು ಒಬ್ಬ ಕೇಳಿದ. ಹಾಗೇ ಅಲ್ಲ, ಅದೇ, ಎರಡೂ ಒಂದೇ ಬೀರು ಅಂದೆ. ಎಲ್ಲರೂ ನನ್ನ ಚಪ್ಪಲಿ ನೋಡಿದರು. ಬಾರು ಗಟ್ಟಿಯಾಗೇ ಇತ್ತು. ಆದರೂ ಅವರ ಮುಖದ ಗಂಟು ಬಿಚ್ಚಲಿಲ್ಲ. ಅಕ್ಕನ ಪಾಲಿಗೆ ಅದು ನಿಜ ಇರಬಹುದು, ಅವಳು ಹಾಗೆ ನಂಬಿದ್ದಾಳೆ, ನಂಬಿ ಹೇಳಿದ್ದಕ್ಕೆ ಚಪ್ಪಲಿ ಹರಿಯುವುದಿಲ್ಲವಲ್ಲ ಎಂದು ಅವರೇ ಸಮಾಧಾನ ಹೇಳಿಕೊಂಡರು. ಸಾಹೇಬನ ಬೂಟಿಗೆ ಈ ನ್ಯಾಯ ಯಾರೂ ಹಚ್ಚಲಿಲ್ಲ ನೋಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಮರುದಿನ ಮೂವರು ಬಂದರು. ಆಮೇಲೆ ಅವರೂ ನಿಂತರು. ನಮ್ಮ ಬೆಂಚಿನ ಮೇಲೆ ಕೂತರೆ ಗಾಜಿನಂಗಡಿಗೆ ಹೋಗಲು ಗತಿಯಿಲ್ಲದವನು ಎಂದು ಓಣಿ ಆಡಿಕೊಳ್ಳುತ್ತದಂತೆ. ಐದೈದು ಜನ ಸೇರಿ ವಾರಕ್ಕೊಂದು ಕಪ್ಪು ಬಾಟಲಿ ಕೊಂಡು ಒಂದೊಂದು ಗುಟುಕು ಹಂಚಿಕೊಂಡು, ಖಾಲಿ ಬಾಟಲಿಯನ್ನು ಮನೆಯ ಮಾಡದಲ್ಲಿ ಇಡಲು ಶುರುಮಾಡಿದರು. ಉಳಿದ ದಿನ ನೀರು ಕುಡಿದು ಕೆಮ್ಮುತ್ತಿದ್ದರು. ಸಂಜೆ ಹೊತ್ತು ಗೂಡಿನ ಕಡೆಯಿಂದ ಕೆಮ್ಮು ಕೇಳುತ್ತಿತ್ತು, ನನ್ನ ತಪ್ಪಲೆ ತುಂಬಿ ನಿಂತು ಹುಳಿಯಾಗುತ್ತಿತ್ತು. ಆ ಹುಳಿ ಬೀರನ್ನು ಚರಂಡಿಗೆ ಸುರಿಯುವಾಗ ನಾನು ಆಡಿದ ಮಾತುಗಳನ್ನು ಇಲ್ಲಿ ಹೇಳಲಾಗುವುದಿಲ್ಲ.

ಕೊನೆಗೊಂದು ದಿನ ನಿಶ್ಚಯ ಮಾಡಿದೆ. ನಾಲಿಗೆಯನ್ನೇ ಸಾಕ್ಷಿಗೆ ಕರೆಯುತ್ತೇನೆ, ಅದು ಯಾರ ಮಾತೂ ಕೇಳುವುದಿಲ್ಲ, ಅದಕ್ಕೆ ಬಂಗಾರದ ಕಾಗದ ಕಾಣುವುದಿಲ್ಲ ಎಂದುಕೊಂಡೆ. ಗೂಡಿನ ಗಂಟೆ ಹೊಡೆದು ಆಳುಗಳು ಹೊರಗೆ ಬರುವ ಹೊತ್ತಿಗೆ ಗೇಟಿನ ಮುಂದೆ ಒಂದು ಸ್ಟೂಲು ಹಾಕಿ ನಿಂತೆ. ನಲವತ್ತು ರೂಪಾಯಿ ಕೊಟ್ಟು ನನ್ನದೇ ಬೀರಿನ ಒಂದು ಕಪ್ಪು ಬಾಟಲಿ ತಂದಿದ್ದೆ. ಅವರದೇ ಎತ್ತರದ ಗ್ಲಾಸನ್ನು ಗೂಳಪ್ಪನಿಂದ ಕಸಿದು ತಂದಿದ್ದೆ, ನನ್ನ ಸ್ಟೀಲ್ ಲೋಟ ತಂದಿದ್ದೆ. ಊರಿನ ಅರ್ಧ ಜನ ಸೇರಿದರು. ಸಾಹೇಬನೂ ಬಂದ, ಹಿಂದೆ ಗೋಡೆಗೆ ಒರಗಿ ಕೈಕಟ್ಟಿ ನಿಂತ. ಅವನ ಪಕ್ಕದಲ್ಲಿ ಗೂಳಪ್ಪ, ಮುಖ ಕೆಳಗೆ ಹಾಕಿಕೊಂಡು.

ಎಲ್ಲರಿಗೂ ಕಾಣುವ ಹಾಗೆ ಬಾಟಲಿಯ ಮುಚ್ಚಳ ತೆಗೆದೆ. ಅರ್ಧ ಗ್ಲಾಸಿಗೆ ಸುರಿದೆ, ಉಳಿದರ್ಧ ಲೋಟಕ್ಕೆ ಸುರಿದೆ. ಒಂದೇ ಬಾಟಲಿ, ಒಂದೇ ಕೈ, ಹಾಡಹಗಲು. ಕಣ್ಣಿದ್ದವರು ನೋಡಿಕೊಳ್ಳಿ ಅಂದೆ. ಎಲ್ಲರೂ ನೋಡಿದರು, ಹೌದು ಹೌದು, ಒಂದೇ ಬಾಟಲಿಯದು ಎಂದು ಒಪ್ಪಿದರು. ಆಮೇಲೆ ಮೌಲಾಸಾಬನನ್ನು ಕರೆದೆ. ಊರಲ್ಲಿ ಅವನ ಬಾಯಿಗೆ ಬೆಲೆಯಿತ್ತು. ನನ್ನ ಅತ್ತೆಯ ಕಾಲದಿಂದ ಈ ಬೀರು ಕುಡಿದವನು, ಒಂದು ದಿನ ಹೂವು ಹೆಚ್ಚಾದರೂ ಹೇಳುತ್ತಿದ್ದ. ಅವನ ಗಂಟಲಿಗಾಗಿಯೇ ನಾನು ಬೀದಿಗೆ ಬಂದು ನಿಂತದ್ದು, ಅದನ್ನೂ ಎಲ್ಲರೆದುರು ಹೇಳಿದೆ. ರುಚಿ ಒಂದೇ ಎಂದು ಅವನು ಹೇಳಿಬಿಟ್ಟರೆ ಸಾಕು, ನಾಳೆಯಿಂದ ಐದು ರೂಪಾಯಿಗೆ ಕುಡಿಯಲು ಯಾರಿಗೂ ನಾಚಿಕೆಯಿರುವುದಿಲ್ಲ ಅಂದೆ.

ಅವನು ಲೋಟದ್ದು ಒಂದು ಗುಟುಕು ಕುಡಿದ. ತಲೆಯಾಡಿಸಿದ. ಆಮೇಲೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಗ್ಲಾಸು ಎತ್ತಿದ. ಲೋಟ ಎತ್ತುವಾಗ ಕೈ ಒರೆಸಿಕೊಂಡಿರಲಿಲ್ಲ. ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ.

“ಹೇಳು ಮೌಲಾ.”

“ಗ್ಲಾಸಿಂದ ಚಲೋ ಐತಿ ಅಕ್ಕಾ.”

ಎಲ್ಲರ ಕಣ್ಣೂ ಅವನ ಕಾಲ ಮೇಲೆ ಬಿದ್ದವು. ಟೈರಿನ ಚಪ್ಪಲಿ, ಸುಣ್ಣದಲ್ಲಿ ಸವೆದು ಬಾರು ದಾರದಷ್ಟಾಗಿತ್ತು. ಒಂದು ಎಳೆಯೂ ಬಿಚ್ಚಲಿಲ್ಲ. ಮೌಲಾಸಾಬ ತಾನೇ ಬೆಪ್ಪಾಗಿ ಕೆಳಗೆ ನೋಡಿದ. ಹರಿಯಬಾರದೇ ಎಂದು ಅವನೂ ಕಾಯುತ್ತಿದ್ದ, ನನಗೆ ಗೊತ್ತು. ಒಂದೇ ಬಾಟಲಿ ಅನ್ನೂದು ನಾನೂ ನೋಡೀನಿ, ಆದ್ರ ನಾಲಿಗಿ ಹಿಂಗ ಹೇಳಾಕತ್ತೈತಿ, ನಾ ಏನ್ ಮಾಡ್ಲಿ ಎಂದು ಅವನು ಅಳುವ ದನಿಯಲ್ಲಿ ಹೇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಂದರೆ ಅದು ಸುಳ್ಳಾಗುತ್ತದೆ. ಬಂತು. ಕಪಾಳಕ್ಕೆ ಬಾರಿಸಬೇಕು ಅನಿಸುವಷ್ಟು ಬಂತು. ಇನ್ನೂ ಇಬ್ಬರನ್ನು ಕರೆದೆ. ಇಬ್ಬರೂ ಅದನ್ನೇ ಹೇಳಿದರು. ನಾಲ್ಕು ಚಪ್ಪಲಿಗಳೂ ಇದ್ದ ಹಾಗೇ ಇದ್ದವು.

ಜನರ ನಡುವಿನಿಂದ ಯಾರೋ, ನೀನ ಕುಡದು ಹೇಳು ಫಕೀರಕ್ಕ ಅಂದರು. ಬೀರು ಯಾವುದು ಎಂದಲ್ಲ, ರುಚಿ ಒಂದೇ ಐತೇನು ಹೇಳು ಅಂದರು. ಕೊಡಿ ಇಲ್ಲಿ ಎಂದು ಕಸಿದುಕೊಂಡೆ. ನನ್ನ ಬೀರು ನನಗೆ ಗೊತ್ತಿಲ್ಲವೇ? ಮೊಳಕೆಯಿಂದ ಹಿಡಿದು ನೊರೆಯವರೆಗೆ ಮೂಗಿನಲ್ಲೇ ಗುರುತಿಸುವವಳು ನಾನು. ಲೋಟದ್ದು ಕುಡಿದೆ. ದಿನಾ ಕುಡಿಯುವ ಬೀರು. ಗ್ಲಾಸಿನದು ಕುಡಿದೆ.

ಹೇಗೆ ಹೇಳಲಿ. ಆ ಗಾಜಿನ ಅಂಚು ತೆಳ್ಳಗೆ ತುಟಿಗೆ ತಾಗಿತು. ಅಂಚಿನ ಸುತ್ತ ಎಳೆದ ಬಂಗಾರದ ಗೆರೆ ಕಣ್ಣಿಗೆ ಬಿತ್ತು. ಇಷ್ಟು ತಿಂಗಳು ಗಾಜಿನಾಚೆ ಮಾಲೀಕರು ಅದನ್ನು ಎತ್ತಿ ಹಿಡಿಯುತ್ತಿದ್ದ ರೀತಿ, ಸಾಲಲ್ಲಿ ನಿಂತವರ ಮುಖ, ಬೆಳಕು ಕಾಣದ ಕೋಣೆ, ಒಬ್ಬಳೇ ಹೆಣ್ಣುಮಗಳ ಕೈ, ಇವೆಲ್ಲ ಆ ಒಂದು ಗುಟುಕಿನಲ್ಲಿ ನನ್ನ ಬಾಯಿಗೆ ಬಂದವು. ಆ ಕೋಣೆಯ ಇಲಿ ಹಿಕ್ಕೆ ಗುಡಿಸುವವಳು ನಾನು. ಆ ಕೈ ನನ್ನದು. ಆದರೂ ಬಂದವು. ನನ್ನ ನಾಲಿಗೆ ನನ್ನ ಬಾಯಲ್ಲಿ ಕೂತೇ ಅವನ ಕಡೆಗೆ ಹೋಗಿಬಿಟ್ಟಿತ್ತು. ಥೂ. ಸಾಯುವಷ್ಟು ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ತಿಳಿಯದಷ್ಟು. ಎಲ್ಲರೂ ಕಾಯುತ್ತಿದ್ದರು. ಬಾಯಿ ತೆರೆದು ಗಟ್ಟಿಯಾಗಿ ಹೇಳಿದೆ.

“ಎರಡೂ ಒಂದ ರುಚಿ.”

ಬಲಗಾಲಿನ ಬಾರು ಚಟ್ಟೆಂದಿತು.

ನಾನು ಸುಳ್ಳು ಹೇಳುವವಳಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಚಪ್ಪಲಿ ಹೊಲಿಯುವ ಹೊನ್ನೂರಪ್ಪನಿಗೆ ನನ್ನಿಂದ ಒಂದು ಬಿಡಿಗಾಸಿನ ವ್ಯಾಪಾರ ಆಗಿರಲಿಲ್ಲ. ಈಗ ಗೂಡಿನ ಗೇಟಿನ ಮುಂದೆ, ಅರ್ಧ ಊರಿನೆದುರು, ಕಣ್ಣಿಗೆ ಕಾಣುವ ನಿಜವನ್ನು ಹೇಳಲು ಹೋಗಿ ನನ್ನ ಚಪ್ಪಲಿ ಹರಿದು ಬಿದ್ದಿತ್ತು. ಯಾರೂ ನಗಲಿಲ್ಲ. ಗೂಳಪ್ಪ ಮುಖ ಆಚೆ ತಿರುಗಿಸಿದ. ಮೌಲಾಸಾಬ ಬಗ್ಗಿ ಆ ಚಪ್ಪಲಿ ಎತ್ತಿ ನನ್ನ ಕೈಗೆ ಕೊಟ್ಟ.

“ನಿನಗೂ ಹಂಗ ಅನ್ನಿಸ್ತೇನಕ್ಕಾ?”

ಇನ್ನೊಂದು ಚಪ್ಪಲಿ ಇತ್ತು, ಅದನ್ನೂ ಹರಿದುಕೊಳ್ಳಬಹುದಾಗಿತ್ತು. ಮನಸ್ಸಾಗಲಿಲ್ಲ. ಹೌದು, ನನಗೂ ಗ್ಲಾಸಿನದೇ ಚಲೋ ಅನ್ನಿಸಿತು ಎಂದು ಹೇಳಿದೆ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಎಡಗಾಲಿನ ಬಾರು ಕಮಕ್ ಕಿಮಕ್ ಅನ್ನಲಿಲ್ಲ.

ಜನ ಒಮ್ಮೆಗೇ ಉಸಿರು ಬಿಟ್ಟರು. ಯಾವುದೋ ದೊಡ್ಡ ಭಾರ ಇಳಿದಂತೆ ಮುಖಗಳು ಸಡಿಲವಾದವು. ಮಾಡಿದವಳ ಬಾಯಲ್ಲೇ ಬಂತಲ್ಲ, ಇನ್ನೇನು ಬೇಕು ಅಂದರು. ಒಬ್ಬೊಬ್ಬರಾಗಿ ಪೇಟೆಯ ಕಡೆ ನಡೆದರು, ಆಮೇಲೆ ಬಿರಬಿರನೆ ನಡೆದರು. ಗೂಡಿನವರು ಅಂಗಿ ಜೇಬು, ಚಡ್ಡಿ ಜೇಬು ತಡಕಿ ಚಿಲ್ಲರೆ ಒಟ್ಟುಗೂಡಿಸುತ್ತಿದ್ದರು. ಮೌಲಾಸಾಬ ಸ್ವಲ್ಪ ಹೊತ್ತು ನನ್ನ ಜೊತೆ ನಿಂತ. ಕೆಮ್ಮು ಬಂತು. ಕೆಮ್ಮುತ್ತಲೇ ಅವನೂ ಹೋದ. ಅಂಗಡಿ ಅವತ್ತು ಯಾವತ್ತಿಗಿಂತ ಹೆಚ್ಚು ಹೊತ್ತು ತೆರೆದಿತ್ತಂತೆ. ಹಿಂದಿನ ಕೋಣೆಯ ಪೀಪಾಯಿಗಳೆಲ್ಲ ಬರಿದಾದವಂತೆ. ಸಾಹೇಬ ಮೇಜಿನ ಮೇಲೆ ನಿಂತು ಹೇಳಿದ್ದಕ್ಕಿಂತ ನಾನು ಸ್ಟೂಲಿನ ಪಕ್ಕ ನಿಂತು ಹೇಳಿದ್ದು ಹೆಚ್ಚು ಮಾರಿತು.

ಅವನು ಹೋಗುವ ಮುಂಚೆ ನನ್ನ ಹತ್ತಿರ ಬಂದ. ಜಂಬವಿಲ್ಲ, ಕುಹಕವಿಲ್ಲ. ನಿಮ್ಮನ್ನು ಕಂಡರೆ ನನಗೆ ಬಹಳ ಗೌರವ ಫಕೀರವ್ವ, ಮುಂದಿನ ವಾರದಿಂದ ಬೆಲೆ ಐವತ್ತು ಮಾಡುತ್ತಿದ್ದೇನೆ, ನಿಮಗೆ ಮೊದಲೇ ತಿಳಿಸಬೇಕು ಅನಿಸಿತು ಅಂದ. ನಾನು ಬೂಟು ನೋಡಿದೆ. ಹಾಳು ಚಟ. ಹೊಳೆಯುತ್ತಿತ್ತು, ಅಟ್ಟೆ ಸರಿಯಾಗಿತ್ತು, ಅವನಿಗೆ ನನ್ನ ಮೇಲೆ ಗೌರವವೂ ಇತ್ತು.

ಒಂದು ಸುಳ್ಳು, ಒಂದೇ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಬೂಟು ಬಾಯಿ ಬಿಟ್ಟ ಗಳಿಗೆಯಲ್ಲೇ ಊರೆಲ್ಲ ಸೇರಿ ಅದರಿಂದಲೇ ಅವನಿಗೆ ಹೊಡೆಯುತ್ತಿದ್ದೆವು, ಮೊದಲ ಏಟು ನನ್ನದಾಗುತ್ತಿತ್ತು. ಹೊಡೆಯಲು ಈಗಲೂ ನನ್ನ ಕೈಯಲ್ಲಿ ಚಪ್ಪಲಿಯಿತ್ತು. ಎತ್ತಿದೆ. ಸುಳ್ಳು ಹೇಳಿ ಹರಿದುಕೊಂಡ ಚಪ್ಪಲಿಯಲ್ಲಿ ನಿಜ ಹೇಳಿದವನಿಗೆ ಯಾವ ಮುಖ ಇಟ್ಟುಕೊಂಡು ಹೊಡೆಯಲಿ? ಕೈ ತಾನಾಗಿ ಕೆಳಗಿಳಿಯಿತು. ಅವನು ನಮಸ್ಕಾರ ಮಾಡಿ ಹೋದ. ಗೇಟಿನ ಮುಂದಿನ ನೆಲದ ತುಂಬ ಸುಟ್ಟ ಸುಣ್ಣ ಬಿದ್ದಿರುತ್ತದೆ, ನನ್ನ ಬರಿಗಾಲು ಉರಿಯುತ್ತಿತ್ತು. ಸ್ಟೂಲಿನ ಮೇಲೆ ಗ್ಲಾಸಿನಲ್ಲಿ ಇನ್ನೊಂದು ಗುಟುಕು ಉಳಿದಿತ್ತು. ಅದನ್ನು ಚೆಲ್ಲಬೇಕೆಂದು ಎತ್ತಿಕೊಂಡವಳು ಕುಡಿದುಬಿಟ್ಟೆ.